ವಿಮಾನ ಇಲ್ಲಿ, ಎಂಜಿನ್ ಎಲ್ಲಿ?

ಚಿಕ್ಕೋಡಿ ತಾಲ್ಲೂಕಿನ ನಮ್ಮ ಕಬ್ಬೂರ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ರಸ್ತೆಯುದ್ದಕ್ಕೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಸಾಲು. ಇವುಗಳಲ್ಲೊಂದು ನಡುದಾರಿಯಲ್ಲಿ ಕೆಟ್ಟು ನಿಂತರೆ ಅದನ್ನು ಯಾರೂ ಗ್ಯಾರೇಜಿಗೆ ಎಳೆದೊಯ್ಯುವುದಿಲ್ಲ. ಮೆಕ್ಯಾನಿಕ್ಕೇ ಬಿಡಿಭಾಗಗಳ ಚೀಲ ಹಿಡಿದು ಅಲ್ಲಿಗೆ ಬರುತ್ತಾನೆ. ಕಾರಣ ಸರಳ. ಕಡಿದ ಕಬ್ಬು ಯಾರಿಗಾಗಿಯೂ ಕಾಯುವುದಿಲ್ಲ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಕುಸಿಯುತ್ತದೆ. ಯಂತ್ರ ಕೆಟ್ಟು ನಿಂತಲ್ಲಿಗೇ ದುರಸ್ತಿ ಹೋಗಬೇಕೆಂಬ ನಿಯಮವನ್ನು ನಮ್ಮ ರೈತರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆಕಾಶದಲ್ಲಿ ಸಂಚರಿಸುವ ಯಂತ್ರಕ್ಕೂ ಅನ್ವಯವಾಗುವುದು ಇದೇ ನಿಯಮ. ತನ್ನ ನೆಲೆಯಿಂದ ಸಾವಿರಾರು ಕಿಲೋಮೀಟರ್ ದೂರದ ನಿಲ್ದಾಣವೊಂದರಲ್ಲಿ ಎಂಜಿನ್ ಕೆಟ್ಟು ನಿಂತ ವಿಮಾನವನ್ನು ಎಳೆದು ತರಲು ಯಾವ ಹಗ್ಗವೂ ಇಲ್ಲ. ವೈಮಾನಿಕ ವಲಯದಲ್ಲಿ ಅಂಥ ವಿಮಾನವನ್ನು ‘ಎಒಜಿ’ ಎನ್ನುತ್ತಾರೆ. ಅಂದರೆ ನೆಲ ಹಿಡಿದ ವಿಮಾನ. ಆ ಮೂರಕ್ಷರದ ಸಂದೇಶ ಹೊರಟಿತೆಂದರೆ ಉಳಿದೆಲ್ಲ ಕೆಲಸಗಳು ಹಿಂದಕ್ಕೆ ಸರಿಯುತ್ತವೆ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹಲವು ವರ್ಷ ಯಂತ್ರವಿಜ್ಞಾನ ಬೋಧಿಸಿದ ನನಗೆ ತರಗತಿಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಯೊಂದಿತ್ತು: ‘ಅಷ್ಟು ದೊಡ್ಡ ಎಂಜಿನ್ ಕೆಟ್ಟರೆ ಇನ್ನೊಂದನ್ನು ಅಲ್ಲಿಗೆ ಹೇಗೆ ಒಯ್ಯುತ್ತಾರೆ ಸರ್?’ ಮೇಲ್ನೋಟಕ್ಕೆ ಕುತೂಹಲದ ಪ್ರಶ್ನೆ. ಆದರೆ ಅದರ ಬೆನ್ನು ಹತ್ತಿ ಹೋದರೆ ನಮ್ಮ ದೇಶದ ವಿಮಾನಯಾನ ಕಳೆದ ಕೆಲವು ವರ್ಷಗಳಲ್ಲಿ ಅನುಭವಿಸಿದ ಬಿಕ್ಕಟ್ಟಿನ ಬುಡಕ್ಕೇ ತಲುಪುತ್ತೇವೆ.

ಮೊದಲು ತಿಳಿಯಬೇಕಾದ ಸಂಗತಿ, ಎಂಜಿನ್ ರೆಕ್ಕೆಯೊಂದಿಗೆ ಬೆಸೆದುಕೊಂಡ ಅಂಗವಲ್ಲ ಎಂಬುದು. ರೆಕ್ಕೆಯ ಕೆಳಗೆ ಪೈಲಾನ್ ಎಂಬ ಗಟ್ಟಿ ತೋಳು ಇರುತ್ತದೆ. ಎಂಜಿನ್ನು ಮುಂದೆ ಮತ್ತು ಹಿಂದೆ ಕೆಲವೇ ದಪ್ಪ ಬೋಲ್ಟ್‌ಗಳ ಆಧಾರದಲ್ಲಿ ಆ ತೋಳಿಗೆ ನೇತುಬಿದ್ದಿರುತ್ತದೆ. ಇಂಧನದ ಕೊಳವೆ, ಹೈಡ್ರಾಲಿಕ್ ಕೊಳವೆ, ಬಿಸಿಗಾಳಿಯ ನಾಳ, ವಿದ್ಯುತ್ ತಂತಿಗಳ ಕಟ್ಟು ಇವನ್ನೆಲ್ಲ ಕಳಚಿ, ನಮ್ಮ ಗ್ಯಾರೇಜುಗಳ ಚೈನ್ ಪುಲ್ಲಿಯನ್ನು ಹೋಲುವ ಸಾಧನಗಳನ್ನು ಪೈಲಾನ್‌ಗೇ ಬಿಗಿದು, ಎಂಜಿನ್ನನ್ನು ಅಂಗುಲ ಅಂಗುಲವಾಗಿ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ ಇಳಿಸುತ್ತಾರೆ. ಹೊಸದನ್ನು ಅದೇ ರೀತಿಯಲ್ಲಿ ಮೇಲೆತ್ತಿ, ಪ್ರತಿ ಬೋಲ್ಟನ್ನೂ ನಿಗದಿತ ಬಿಗಿತಕ್ಕೆ ತಿರುಗಿಸಿ, ಸೋರಿಕೆ ಪರೀಕ್ಷಿಸಿ, ನಿಂತಲ್ಲೇ ಓಡಿಸಿ ನೋಡುತ್ತಾರೆ. ಪರವಾನಗಿ ಪಡೆದ ಎಂಜಿನಿಯರ್ ಸಹಿ ಮಾಡುವವರೆಗೆ ಆ ವಿಮಾನ ಹಾರುವಂತಿಲ್ಲ. ಸಿದ್ಧತೆಯಿರುವ ಹ್ಯಾಂಗರಿನಲ್ಲಿ ಇದು ಅನುಭವಿ ತಂಡಕ್ಕೆ ಕಷ್ಟದ ಕೆಲಸವಲ್ಲ. ಬಯಲಿನಲ್ಲಿ, ಪರಸ್ಥಳದಲ್ಲಿ, ಮಳೆಯಲ್ಲೋ ಹಿಮದಲ್ಲೋ ಮಾಡಬೇಕಾಗಿ ಬಂದಾಗ ಅದೇ ಕೆಲಸದ ಸ್ವರೂಪ ಬದಲಾಗುತ್ತದೆ.

ಎಂಜಿನ್ನನ್ನು ಸಾಗಿಸುವುದೂ ಹೊರೆ ಹೇರುವಷ್ಟು ಸುಲಭವಲ್ಲ. ಮಿಂಚಿನ ವೇಗದಲ್ಲಿ ತಿರುಗುತ್ತಿರುವಾಗ ಎಲ್ಲ ಒತ್ತಡವನ್ನೂ ತಾಳಿಕೊಳ್ಳುವ ಅದರ ಬೇರಿಂಗ್‌ಗಳು ನಿಶ್ಚಲವಾಗಿರುವಾಗ ರಸ್ತೆಯ ಕುಲುಕಾಟವನ್ನು ತಾಳಲಾರವು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದ ಗುಂಡುಗಳು ಉಕ್ಕಿನ ಮೇಲೆ ಸಣ್ಣ ತಗ್ಗುಗಳನ್ನು ಮೂಡಿಸುತ್ತವೆ. ಕಣ್ಣಿಗೆ ಸುಲಭವಾಗಿ ಕಾಣದ ಈ ಗಾಯ ಮುಂದೆ ಹಾರಾಟದಲ್ಲಿ ಅಪಾಯ ತರಬಲ್ಲದು. ಆದ್ದರಿಂದಲೇ ಎಂಜಿನ್ ಕೂರಿಸುವ ಚೌಕಟ್ಟಿಗೆ ಆಘಾತ ಹೀರುವ ರಬ್ಬರ್ ಆಧಾರಗಳಿರುತ್ತವೆ. ಲಾರಿಗೆ ಗಾಳಿಯ ಸಸ್ಪೆನ್ಷನ್ ಇರಬೇಕು. ತೇವ ತಾಗದಂತೆ ಇಡೀ ಎಂಜಿನ್ನಿಗೆ ಹೊದಿಕೆ ಹಾಕಿ ಒಳಗೆ ತೇವ ಹೀರುವ ಪುಡಿಯ ಚೀಲಗಳನ್ನಿಡಬೇಕು. ಗಂಟೆಗೆ ಎಂಟುನೂರು ಒಂಬೈನೂರು ಕಿಲೋಮೀಟರ್ ವೇಗದಲ್ಲಿ ವಿಮಾನವನ್ನು ನೂಕುವ ಯಂತ್ರ, ನೆಲದ ಮೇಲೆ ಮೊಟ್ಟೆ ತುಂಬಿದ ಬುಟ್ಟಿಯಂತೆ ನಿಧಾನವಾಗಿ ಸಾಗಬೇಕು.

ನಾಲ್ಕು ಎಂಜಿನ್‌ಗಳ ವಿಮಾನಗಳ ಕಾಲದಲ್ಲಿ ಇದಕ್ಕೆ ಎರಡು ಉಪಾಯಗಳಿದ್ದವು. ಒಂದು, ಪ್ರಯಾಣಿಕರನ್ನೆಲ್ಲ ಇಳಿಸಿ, ವಿಶೇಷ ಅನುಮತಿ ಪಡೆದು, ಉಳಿದ ಮೂರು ಎಂಜಿನ್‌ಗಳ ಬಲದಲ್ಲಿ ವಿಮಾನವನ್ನು ನೆಲೆಗೆ ತರುವುದು. ಇನ್ನೊಂದು, ಅದೇ ಜಾತಿಯ ಮತ್ತೊಂದು ವಿಮಾನದ ರೆಕ್ಕೆಯ ಕೆಳಗೆ ಐದನೆಯ ಎಂಜಿನ್ನನ್ನು ತೂಗುಹಾಕಿ ಒಯ್ಯುವುದು. ಬೋಯಿಂಗ್ 707 ಮತ್ತು 747 ವಿಮಾನಗಳ ರೆಕ್ಕೆಯಲ್ಲಿ ಇದಕ್ಕೆಂದೇ ಅವಕಾಶ ಕಲ್ಪಿಸಲಾಗಿತ್ತು. ಈ ಐದನೆಯದು ಕೆಲಸ ಮಾಡುವುದಿಲ್ಲ, ಬರೀ ಪ್ರಯಾಣ ಮಾಡುತ್ತದೆ. ಅದರಿಂದ ಗಾಳಿಯ ತಡೆ ಹೆಚ್ಚಿ ಇಂಧನವೂ ಹೆಚ್ಚು ಖರ್ಚಾಗುತ್ತದೆ. 2016ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆಯು ಜೋಹಾನ್ಸ್‌ಬರ್ಗ್‌ನಲ್ಲಿ ನಿಂತುಹೋದ ತನ್ನ 747ಕ್ಕೆ ಸಿಡ್ನಿಯಿಂದ ಎಂಜಿನ್ ಕಳುಹಿಸಿದ್ದು ಹೀಗೆಯೇ. ಅದನ್ನು ಹೊತ್ತದ್ದು ಪ್ರಯಾಣಿಕರಿದ್ದ ಮಾಮೂಲಿ ಯಾನ. ಇಂಧನಕ್ಕಾಗಿ ಅದು ದಾರಿಯಲ್ಲಿ ಪರ್ತ್‌ನಲ್ಲಿ ಇಳಿಯಬೇಕಾಯಿತು.

ಐದನೆಯ ಎಂಜಿನ್ ಎಂದಾಗ ಭಾರತೀಯರಾದ ನಮಗೆ ನೆನಪಾಗಬೇಕಾದದ್ದು ಬೇರೆಯೇ ಒಂದು ಯಾನ. 1985ರ ಜೂನ್ 8ರಂದು ಟೊರಾಂಟೊದಿಂದ ಹೊರಟ ಏರ್ ಇಂಡಿಯಾದ 747 ವಿಮಾನವೊಂದರ ಎಂಜಿನ್ ಕೆಟ್ಟಿತು. ಬೇರೆ ಎಂಜಿನ್ ಜೋಡಿಸಿ ಆ ವಿಮಾನವನ್ನು ಮರಳಿಸಲಾಯಿತು. ಕೆಟ್ಟದ್ದು ದುರಸ್ತಿಗಾಗಿ ಮುಂಬೈಗೆ ಬರಬೇಕಿತ್ತು. ಜೂನ್ 22ರಂದು ಟೊರಾಂಟೊದಿಂದ ಹೊರಟ ‘ಕನಿಷ್ಕ’ ವಿಮಾನ ಅದನ್ನು ಎಡರೆಕ್ಕೆಯ ಕೆಳಗೆ ತೂಗುಹಾಕಿಕೊಂಡಿತ್ತು. ಆ ಎಂಜಿನ್ನಿನಿಂದ ಕಳಚಿದ ದೊಡ್ಡ ಭಾಗಗಳನ್ನು ಸರಕಿನ ಕೋಣೆಗೆ ತುಂಬುವುದು ತೊಡಕಾಗಿ, ವಿಮಾನ ಒಂದು ಗಂಟೆ ನಲವತ್ತು ನಿಮಿಷ ತಡವಾಗಿ ಹೊರಟಿತು. ಮರುದಿನ ಲಂಡನ್ ಇನ್ನು ಮುಕ್ಕಾಲು ಗಂಟೆಯ ಹಾದಿಯಷ್ಟೇ ಉಳಿದಿದ್ದಾಗ, ಐರ್ಲೆಂಡ್ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ಮೇಲೆ, ಖಾಲಿಸ್ತಾನಿ ಉಗ್ರರು ಇರಿಸಿದ ಬಾಂಬು ಸಿಡಿಯಿತು. ವಿಮಾನದಲ್ಲಿದ್ದ 329 ಮಂದಿಯೂ ಸತ್ತರು.

ಐದನೆಯ ಎಂಜಿನ್ನಿನಿಂದಲೇ ವಿಮಾನ ಮುರಿದಿರಬಹುದೇ ಎಂಬುದನ್ನೂ ತನಿಖೆಯಲ್ಲಿ ಪರಿಶೀಲಿಸಿ ತಳ್ಳಿಹಾಕಲಾಯಿತು. ನ್ಯಾಯಮೂರ್ತಿ ಕೃಪಾಲ್ ಅವರ ವರದಿ ಬಾಂಬು ಸ್ಫೋಟವೇ ಕಾರಣವೆಂದಿತು. ಹೀಗೆ ಎಂಜಿನ್ ದೋಷಮುಕ್ತವಾಯಿತು. ಆದರೆ ಅದರಿಂದಾದ ವಿಳಂಬದ ಲೆಕ್ಕ ಮನಸ್ಸನ್ನು ಬಿಡುವುದಿಲ್ಲ. ಆ ಒಂದು ಗಂಟೆ ನಲವತ್ತು ನಿಮಿಷ ಕಳೆಯದಿದ್ದರೆ ಬಾಂಬು ಸಿಡಿದ ಹೊತ್ತಿಗೆ ವಿಮಾನ ಲಂಡನ್ನಿನ ನೆಲದ ಮೇಲಿರುವ ಸಾಧ್ಯತೆ ಇತ್ತು. ಇದಕ್ಕೆ ತಂತ್ರಜ್ಞರನ್ನು ಹೊಣೆ ಮಾಡುವುದು ಅನ್ಯಾಯ. ಹೊಣೆ ಬಾಂಬು ಇಟ್ಟವರದು ಮತ್ತು ಅದನ್ನು ತಡೆಯಲಾಗದ ಭದ್ರತಾ ವ್ಯವಸ್ಥೆಯದು. ಆದರೂ ನೆಲೆಯಿಂದ ದೂರದಲ್ಲಿ ಕೆಟ್ಟ ಒಂದು ಯಂತ್ರ, ತನಗೆ ಸಂಬಂಧವೇ ಇಲ್ಲದ ಇನ್ನೊಂದು ವಿಮಾನದ ಗಡಿಯಾರವನ್ನು ಬದಲಿಸುತ್ತದೆ ಎಂಬುದನ್ನು ನಾನು ಬೇರಾವ ಪ್ರಸಂಗದಲ್ಲೂ ಇಷ್ಟು ನಿಚ್ಚಳವಾಗಿ ಕಂಡಿಲ್ಲ.

ಇಂದು ಆ ಎರಡೂ ಉಪಾಯಗಳು ಬಹುಮಟ್ಟಿಗೆ ಇತಿಹಾಸಕ್ಕೆ ಸೇರಿವೆ. ವಿಮಾನ ಸಂಸ್ಥೆಗಳೀಗ ಇಂಧನ ಉಳಿಸುವ ಜೋಡಿ ಎಂಜಿನ್ ವಿಮಾನಗಳನ್ನೇ ನೆಚ್ಚಿಕೊಂಡಿವೆ. ಎರಡರಲ್ಲಿ ಒಂದು ಕೆಟ್ಟರೆ ಹಾರುತ್ತಿರುವ ವಿಮಾನ ಸುರಕ್ಷಿತವಾಗಿ ಇಳಿಯಬಲ್ಲದು ನಿಜ, ಆದರೆ ಒಂದೇ ಎಂಜಿನ್ನಿನ ಮೇಲೆ ಮತ್ತೆ ನೆಲ ಬಿಟ್ಟು ಏಳುವಂತಿಲ್ಲ. ಹಾಗಾಗಿ ಅದು ಎಲ್ಲಿ ಇಳಿಯಿತೋ ಅಲ್ಲಿಗೇ ಎಂಜಿನ್ ಬರಬೇಕು. ಜೊತೆಗೆ ಎಂಜಿನ್‌ಗಳ ಗಾತ್ರವೂ ಬೆಳೆದಿದೆ. ಬೋಯಿಂಗ್ 777-300ಇಆರ್ ವಿಮಾನದ ಜಿಇ-90 ಎಂಜಿನ್ನಿನ ಮುಂಭಾಗದ ಪಂಖದ ವ್ಯಾಸವೇ ಸುಮಾರು 3.25 ಮೀಟರ್, ತೂಕ ಎಂಟೂವರೆ ಟನ್ನಿಗೂ ಅಧಿಕ. ಇಡಿಯಾಗಿ ಸಾಗಿಸಬೇಕೆಂದರೆ ಅದಕ್ಕೆ ಆಂಟೊನೊವ್-124ರಂಥ ದೈತ್ಯ ಸರಕು ವಿಮಾನವೇ ಬೇಕು. 747 ಸರಕು ವಿಮಾನದಲ್ಲಿ ಒಯ್ಯಬೇಕಾದರೆ ಪಂಖದ ಭಾಗವನ್ನು ಬೇರ್ಪಡಿಸಿ, ತಲುಪಿದ ಮೇಲೆ ಮತ್ತೆ ಜೋಡಿಸಬೇಕು.

2017ರ ಫೆಬ್ರುವರಿ 1ರಂದು ಜ್ಯೂರಿಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಸ್ವಿಸ್ ಸಂಸ್ಥೆಯ 777 ವಿಮಾನದ ಒಂದು ಎಂಜಿನ್ ನಿಂತುಹೋಗಿ, ಅದು ಕೆನಡಾದ ಉತ್ತರ ಭಾಗದ ಇಕಾಲುಯಿಟ್ ಎಂಬ ಪುಟ್ಟ ಪಟ್ಟಣದಲ್ಲಿ ಇಳಿಯಿತು. ಪ್ರಯಾಣಿಕರನ್ನು ಕರೆದೊಯ್ಯಲು ಇನ್ನೊಂದು ವಿಮಾನ ಬಂತು. ಬದಲಿ ಎಂಜಿನ್ನನ್ನು ಆಂಟೊನೊವ್-124 ಹೊತ್ತು ತಂದಿತು. ಸೊನ್ನೆಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಕೆಳಗಿನ ಚಳಿಯಲ್ಲಿ ತಂತ್ರಜ್ಞರು ಅದನ್ನು ಜೋಡಿಸಿದರು. ಅಂಥ ಚಳಿಯಲ್ಲಿ ಬರಿಗೈಯಲ್ಲಿ ಸ್ಪ್ಯಾನರ್ ಹಿಡಿಯುವಂತಿಲ್ಲ. ಕೈಗವಸು ಹಾಕಿಕೊಂಡರೆ ಸಣ್ಣ ನಟ್ಟು ಬೆರಳಿಗೆ ಸಿಗುವುದಿಲ್ಲ. ಪ್ರಯಾಣಿಕರ ಪಾಲಿಗೆ ಇದೊಂದು ತಡವಾದ ಯಾನ. ತಂತ್ರಜ್ಞರ ಪಾಲಿಗೆ ಒಂದು ದಂಡಯಾತ್ರೆ.

ಆ ದೈತ್ಯ ವಿಮಾನಗಳಾದರೂ ಎಷ್ಟಿವೆ? ಸೋವಿಯತ್ ಕಾಲದ ಆಂಟೊನೊವ್-124 ಮೊದಲು ಹಾರಿದ್ದು 1982ರಲ್ಲಿ. ಒಟ್ಟು ತಯಾರಾದವು ಸುಮಾರು 55 ಮಾತ್ರ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಸಾರಿದ ಬಳಿಕ ಅವುಗಳಲ್ಲಿ ರಷ್ಯಾದ ಪಾಲು ಪಾಶ್ಚಾತ್ಯ ದೇಶಗಳ ಆಕಾಶದಿಂದ ಹೊರಬಿದ್ದಿತು. ಆ ತಿಂಗಳ 27ರಂದು ಟೊರಾಂಟೊದಲ್ಲಿ ಇಳಿದಿದ್ದ ರಷ್ಯನ್ ಸಂಸ್ಥೆಯೊಂದರ ಆಂಟೊನೊವ್-124ಕ್ಕೆ ಮರಳಿ ಹಾರಲು ಆಗಲೇ ಇಲ್ಲ. 2023ರ ಜೂನ್‌ನಲ್ಲಿ ಕೆನಡಾ ಸರ್ಕಾರ ಅದನ್ನು ಜಪ್ತಿ ಮಾಡಿತು. ನಿಂತ ವಿಮಾನಗಳಿಗೆ ಎಂಜಿನ್ ಒಯ್ಯುವ ವಿಮಾನವೇ ಎಲ್ಲೋ ನಿಂತುಬಿಟ್ಟಿತು. ಅದರ ಯಂತ್ರಕ್ಕೆ ಏನೂ ಆಗಿರಲಿಲ್ಲ, ಕೆಟ್ಟದ್ದು ರಾಜಕೀಯ. ಲಭ್ಯತೆಯೆಂಬುದು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ವಿಮಾನ ನೆಲೆಯಿಂದ ದೂರವಿದ್ದ ಕಥೆ. ಎಂಜಿನ್ ಮನೆಯಲ್ಲಿತ್ತು, ವಿಮಾನ ಪರದೇಶದಲ್ಲಿತ್ತು. ಭಾರತದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಡೆದದ್ದು ಇದರ ತದ್ವಿರುದ್ಧ. ವಿಮಾನ ಮನೆಯಂಗಳದಲ್ಲೇ ನಿಂತಿತು, ಎಂಜಿನ್ ಪರದೇಶದ ದುರಸ್ತಿ ಕೇಂದ್ರದ ಸರದಿಯಲ್ಲಿ ನಿಂತಿತು. ದೂರ ಅಷ್ಟೇ ಇದೆ, ದಿಕ್ಕು ಮಾತ್ರ ಬದಲಾಗಿದೆ.

ಗೋ ಫಸ್ಟ್ ಸಂಸ್ಥೆಯ ಅಂತ್ಯವನ್ನು ನೆನೆಯಿರಿ. ಅದರ ಎ-320 ನಿಯೊ ವಿಮಾನಗಳಿಗೆ ಇದ್ದದ್ದು ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್‌ಗಳು. ಬದಲಿ ಎಂಜಿನ್‌ಗಳು ಸಕಾಲಕ್ಕೆ ದೊರೆಯದೆ ತನ್ನ ಅರ್ಧದಷ್ಟು ವಿಮಾನಗಳು ನಿಂತಿವೆ ಎಂಬುದು ಗೋ ಫಸ್ಟ್‌ನ ದೂರು. ಎಂಜಿನ್ ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. 2023ರ ಏಪ್ರಿಲ್ 27ರೊಳಗೆ ಹತ್ತು ಎಂಜಿನ್‌ಗಳನ್ನೂ ಆ ವರ್ಷದ ಕೊನೆಯವರೆಗೆ ತಿಂಗಳಿಗೆ ಹತ್ತರಂತೆಯೂ ಒದಗಿಸಬೇಕೆಂದು ಸಿಂಗಪುರದ ತುರ್ತು ಮಧ್ಯಸ್ಥಿಕೆದಾರರು ಆದೇಶಿಸಿದ್ದರು. ಕಾಗದದ ಮೇಲಿನ ಆ ಎಂಜಿನ್‌ಗಳು ರೆಕ್ಕೆಯ ಕೆಳಗೆ ಬರಲಿಲ್ಲ. 2023ರ ಮೇ 3ರಿಂದ ಗೋ ಫಸ್ಟ್ ಹಾರಾಟ ನಿಲ್ಲಿಸಿತು. 2025ರ ಜನವರಿಯಲ್ಲಿ ಅದರ ಸಮಾಪನೆಗೆ ಆದೇಶವಾಯಿತು. ಮುಂಗಡ ಟಿಕೆಟ್ ಪಡೆದವರು, ಸಂಬಳಕ್ಕೆ ಕಾದ ಸಾವಿರಾರು ನೌಕರರು, ಸಾಲ ಕೊಟ್ಟ ಬ್ಯಾಂಕುಗಳು ಎಲ್ಲರೂ ನಷ್ಟ ಅನುಭವಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಎಂಜಿನ್ನಿನ ಕೆಲವು ಭಾಗಗಳಿಗೆ ಬಳಸಿದ ಲೋಹದ ಪುಡಿಯಲ್ಲೇ ದೋಷವಿತ್ತೆಂಬುದು 2023ರ ಜುಲೈನಲ್ಲಿ ಬಹಿರಂಗವಾಯಿತು. 2015ರ ಕೊನೆಯಿಂದ 2021ರವರೆಗೆ ತಯಾರಾದ ಎಂಜಿನ್‌ಗಳನ್ನು ರೆಕ್ಕೆಯಿಂದ ಇಳಿಸಿ ತಪಾಸಣೆ ಮಾಡಬೇಕಾಯಿತು. 2023ರಿಂದ 2026ರ ನಡುವೆ 600ರಿಂದ 700 ಎಂಜಿನ್‌ಗಳು ಹೆಚ್ಚುವರಿಯಾಗಿ ದುರಸ್ತಿ ಕೇಂದ್ರಕ್ಕೆ ಬರಲಿವೆ ಎಂದು ತಯಾರಕರೇ ಅಂದಾಜಿಸಿದರು. ದೇಶದ ಅತಿದೊಡ್ಡ ಸಂಸ್ಥೆಯಾದ ಇಂಡಿಗೊದ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳು 2024ರಲ್ಲಿ ನೆಲ ಹಿಡಿದಿದ್ದವು. ಒಡಲು ಗಟ್ಟಿಯಾಗಿದೆ, ಚಕ್ರಗಳು ಸರಿಯಾಗಿವೆ, ಆಸನಗಳಿಗೆ ಹೊದಿಕೆ ಹಾಕಿದೆ, ಆದರೆ ರೆಕ್ಕೆಯ ಕೆಳಗೆ ಎಂಜಿನ್ ಇಲ್ಲ. ಇದರ ಬೆಲೆಯನ್ನು ವಿಮಾನ ಸಂಸ್ಥೆಗಳಷ್ಟೇ ತೆರುವುದಿಲ್ಲ. ವಿಮಾನಗಳ ಕೊರತೆಯಾದಾಗ ಮೊದಲು ಕತ್ತರಿ ಬೀಳುವುದು ಸಣ್ಣ ಊರುಗಳ ಯಾನಕ್ಕೆ; ಉಳಿದ ಮಾರ್ಗಗಳಲ್ಲಿ ದರ ಏರುತ್ತದೆ. ಬೆಳಗಾವಿ, ಹುಬ್ಬಳ್ಳಿ, ಕಲಬುರ್ಗಿಯಂಥ ಊರುಗಳ ಪ್ರಯಾಣಿಕರು ಇದನ್ನು ಮರೆಯಬಾರದು.

ಎಂಜಿನ್ ಕಾನೂನಿನ ದೃಷ್ಟಿಯಲ್ಲೂ ಸ್ವತಂತ್ರ ಆಸ್ತಿ. ವಿಮಾನದ ಒಡಲು ಒಬ್ಬ ಗುತ್ತಿಗೆದಾರನದು, ಎಂಜಿನ್ ಇನ್ನೊಬ್ಬನದು ಆಗಿರಬಹುದು. ಗೋ ಫಸ್ಟ್ ದಿವಾಳಿ ಪ್ರಕ್ರಿಯೆಗೆ ಹೋದಾಗ ಗುತ್ತಿಗೆ ಕೊಟ್ಟವರು ತಮ್ಮ ಸ್ವತ್ತು ಹಿಂಪಡೆಯಲು ಸುಮಾರು ಒಂದು ವರ್ಷ ಕೋರ್ಟು ಅಲೆದರು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು 54 ವಿಮಾನಗಳ ನೋಂದಣಿ ರದ್ದುಗೊಳಿಸಲು ಆದೇಶಿಸಿದ ಮೇಲೆಯೇ ಗಂಟು ಸಡಿಲವಾದದ್ದು. ಇಂಥ ಅನಿಶ್ಚಿತತೆ ಇದ್ದ ದೇಶಕ್ಕೆ ಎಂಜಿನ್ ಬಾಡಿಗೆ ಕೊಡುವವರು ಹೆಚ್ಚು ಬೆಲೆ ಕೇಳುವುದು ಸಹಜ. ಕೇಪ್‌ಟೌನ್ ಒಪ್ಪಂದಕ್ಕೆ ದೇಶದೊಳಗೆ ಕಾನೂನಿನ ಬಲ ಕೊಡುವ ಮಸೂದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದ್ದು ಈ ಕಾರಣಕ್ಕೆ ಮಹತ್ವದ್ದು. ಆದರೆ ಕಾನೂನು ಎಂಜಿನ್ನಿನ ಒಡೆತನ ಹೇಳಬಲ್ಲದು, ಅದನ್ನು ದುರಸ್ತಿ ಮಾಡಲಾರದು.

ದುರಸ್ತಿಯ ವಿಷಯಕ್ಕೆ ಬಂದರೆ ಕರ್ನಾಟಕಕ್ಕೆ ಒಂದು ದೊಡ್ಡ ಪರಂಪರೆಯೇ ಇದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅದೇ ವಾಲ್‌ಚಂದರು ಪುಣೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದವರು ಎಂಬುದು ಕಬ್ಬಿನ ನಾಡಿನವರಾದ ನಮಗೆ ವಿಶೇಷ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಸೇರಿ, ಬರ್ಮಾ ಮತ್ತು ಚೀನಾ ರಂಗದಲ್ಲಿ ಹೋರಾಡುತ್ತಿದ್ದ ವಿಮಾನಗಳ ಹಾಗೂ ಎಂಜಿನ್‌ಗಳ ದುರಸ್ತಿ ಕೇಂದ್ರವಾಯಿತು. ದೂರದ ರಣರಂಗದಿಂದ ಬಂದ ಎಂಜಿನ್‌ಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ಕಳುಹಿಸಿದ್ದು ಇಲ್ಲಿಯ ಕೈಗಳೇ. ಎಂಟು ದಶಕಗಳ ಹಿಂದೆ ಪರದೇಶದ ವಿಮಾನಗಳಿಗೆ ಎಂಜಿನ್ ಸಿದ್ಧಪಡಿಸಿಕೊಟ್ಟ ದೇಶ, ಈಗ ತನ್ನ ಎಂಜಿನ್‌ಗಳಿಗಾಗಿ ಪರದೇಶದ ಬಾಗಿಲಲ್ಲಿ ಕಾಯುವಂತಾದದ್ದೇಕೆ?

ಉತ್ತರದ ಒಂದು ಭಾಗ ತೆರಿಗೆಯಲ್ಲಿತ್ತು. ವಿಮಾನ ದುರಸ್ತಿಯ ಮೇಲಿನ ಜಿಎಸ್‌ಟಿ 2020ರವರೆಗೆ ಶೇ 18ರಷ್ಟಿತ್ತು. ವಿದೇಶಕ್ಕೆ ಕಳುಹಿಸುವುದೇ ಅಗ್ಗವಾಗಿದ್ದಾಗ ಇಲ್ಲಿ ಬಂಡವಾಳ ಹೂಡುವವರು ಯಾರು? ಆ ವರ್ಷ ಅದು ಶೇ 5ಕ್ಕೆ ಇಳಿಯಿತು; 2024ರ ಜುಲೈನಲ್ಲಿ ಆಮದು ಬಿಡಿಭಾಗಗಳಿಗೂ ಏಕರೂಪದ ಶೇ 5ರ ದರ ಬಂತು. ಫಲ ಕಾಣತೊಡಗಿದೆ. ಫ್ರಾನ್ಸಿನ ಸಫ್ರಾನ್ ಕಂಪನಿಯ ಲೀಪ್ ಎಂಜಿನ್ ದುರಸ್ತಿ ಕೇಂದ್ರ 2025ರ ನವೆಂಬರ್ 26ರಂದು ಹೈದರಾಬಾದಿನಲ್ಲಿ ಉದ್ಘಾಟನೆಗೊಂಡಿತು. ಪೂರ್ಣ ಸಾಮರ್ಥ್ಯ ತಲುಪಿದಾಗ ವರ್ಷಕ್ಕೆ 300 ಎಂಜಿನ್‌ಗಳನ್ನು ಅಲ್ಲಿ ಸಜ್ಜುಗೊಳಿಸುವ ಯೋಜನೆಯಿದೆ. ಸ್ವಾಗತಾರ್ಹ ಹೆಜ್ಜೆಯಿದು. ಆದರೆ ಅದು ಒಂದು ಜಾತಿಯ ಎಂಜಿನ್ನಿಗೆ ಸಂಬಂಧಿಸಿದ ಕೇಂದ್ರ. ದೇಶೀಯ ಪ್ರಯಾಣದಲ್ಲಿ ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿರುವ ದೇಶಕ್ಕೆ ಇಂಥವು ಹಲವು ಬೇಕು.

ಉತ್ತರದ ಇನ್ನೊಂದು ಭಾಗ ಕೈಗಳದ್ದು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ, ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ಏರ್‌ಬಸ್, ಬೋಯಿಂಗ್ ಮುಂತಾದ ಕಂಪನಿಗಳ ವಿಮಾನಗಳಿಗೆ ಬೇಕಾದ ಭಾಗಗಳು ಅಲ್ಲಿ ತಯಾರಾಗುತ್ತವೆ. ಕೂದಲೆಳೆಯಷ್ಟೂ ವ್ಯತ್ಯಾಸ ಸಹಿಸದ ಆ ಕೆಲಸವನ್ನು ನಮ್ಮ ಹಳ್ಳಿಗಳ ತರುಣ ತರುಣಿಯರು ಮಾಡಬಲ್ಲರು ಎಂಬುದು ಅಲ್ಲಿ ಈಗಾಗಲೇ ಸಾಬೀತಾಗಿದೆ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಬೆಳಗಾವಿಯಲ್ಲೇ ಇದೆ. ವಾಯುಪಡೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು ನಮ್ಮ ಗಡಿಭಾಗದ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಇದ್ದಾರೆ. ಇಷ್ಟೆಲ್ಲ ಇದ್ದೂ ಇವುಗಳ ನಡುವೆ ಸೇತುವೆ ಕಟ್ಟುವ ಪ್ರಯತ್ನ ಸಾಲದು. ಡಿಪ್ಲೊಮಾ ಮುಗಿಸಿದ ಹುಡುಗನಿಗೆ ವಿಮಾನ ನಿರ್ವಹಣೆಯ ಪರವಾನಗಿ ಪರೀಕ್ಷೆ ಎಂಬುದೊಂದಿದೆ ಎಂದು ಹೇಳುವವರೇ ಇರುವುದಿಲ್ಲ. ತಿಳಿದರೂ, ಮಹಾನಗರಗಳ ಖಾಸಗಿ ಶಾಲೆಗಳ ಶುಲ್ಕ ಎರಡು ಎಕರೆ ಕಬ್ಬಿನವನ ಮಗನಿಗೆ ಎಟುಕುವುದಿಲ್ಲ.

ಹಾಗಾಗಿ ರಾಜ್ಯ ಸರ್ಕಾರ ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ಬೆಳಗಾವಿ ವಿಭಾಗದ ಒಂದೆರಡು ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮನ್ನಣೆಯುಳ್ಳ ನಿರ್ವಹಣಾ ತರಬೇತಿ ಆರಂಭಿಸಬೇಕು. ಅಲ್ಲಿ ಕಲಿಸಲು ವಾಯುಪಡೆಯ ನಿವೃತ್ತ ತಂತ್ರಜ್ಞರನ್ನು ಕರೆಯಬೇಕು. ಸೇವೆಯಿಂದ ನಿವೃತ್ತಿಯಾದ ಎಂಜಿನ್ನೊಂದನ್ನು ತಂದಿರಿಸಿದರೆ ವಿದ್ಯಾರ್ಥಿಗಳು ಚಿತ್ರದಲ್ಲಿ ಕಲಿಯುವುದನ್ನು ಕೈಯಲ್ಲಿ ಕಲಿಯುತ್ತಾರೆ. ಬೆಂಗಳೂರಿನಲ್ಲಿ ತಲೆಯೆತ್ತುತ್ತಿರುವ ವಿಮಾನ ನಿರ್ವಹಣಾ ಕೇಂದ್ರಗಳಿಗೆ ಭೂಮಿ ಮತ್ತು ರಿಯಾಯಿತಿ ಕೊಡುವಾಗ ಇಂಥ ಪಾಲಿಟೆಕ್ನಿಕ್‌ಗಳಿಂದ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ಷರತ್ತನ್ನೂ ಸೇರಿಸಬೇಕು.

ಎಂಜಿನ್ ದುರಸ್ತಿ ಕೇಂದ್ರವೆಂದರೆ ತಗಡಿನ ಶೆಡ್ಡಲ್ಲ ಎಂಬುದು ನನಗೆ ಗೊತ್ತು. ಪರೀಕ್ಷಾ ಕೋಣೆ, ವಿಶೇಷ ಉಪಕರಣ, ತಯಾರಕರ ಒಪ್ಪಿಗೆ ಎಲ್ಲವೂ ಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ನುರಿತ ತಂತ್ರಜ್ಞನೊಬ್ಬ ತಯಾರಾಗಲೂ ಅಷ್ಟೇ ವರ್ಷಗಳು ಹಿಡಿಯುತ್ತವೆ. ಕಟ್ಟಡ ಮುಗಿದ ಮೇಲೆ ಕೈಗಳನ್ನು ಹುಡುಕಲು ಹೊರಟರೆ ಆಗ ಸಿಗುವುದು ಮತ್ತೆ ಪರದೇಶದ ಕೈಗಳೇ. ಎರಡೂ ಕೆಲಸ ಒಟ್ಟಿಗೆ ಆರಂಭವಾದರೆ ಮಾತ್ರ ಒಂದಕ್ಕೊಂದು ಒದಗುತ್ತವೆ. ಎಂಜಿನ್ನಿಗಾಗಿ ಕಾಯುತ್ತಾ ನೆಲ ಹಿಡಿದ ಪ್ರತಿ ವಿಮಾನದ ಹಿಂದೆ ಕೆಲಸಕ್ಕಾಗಿ ಕಾಯುತ್ತಿರುವ ಒಬ್ಬ ತರುಣನೂ ಇದ್ದಾನೆ. ಈ ಇಬ್ಬರ ಕಾಯುವಿಕೆಗೂ ಪರಿಹಾರ ಒಂದೇ. ಅದನ್ನು ಸರ್ಕಾರಗಳು ಬೇಗ ಮನಗಂಡಷ್ಟೂ ಒಳ್ಳೆಯದು.